ನಟ್ ಹಿಡಿಯಿತು ಅಂತ ದುಡ್ಡು ಕೊಡಬೇಡಿ

ಸೆಕೆಂಡ್ ಹ್ಯಾಂಡ್ ಜಿಪ್ಸಿ ತಂದ ಮೊದಲ ಮಳೆಗಾಲದಲ್ಲೇ ಅದರ ರಿಮ್ ಬದಲಿಸಬೇಕಾಯಿತು. ಕಡಲ ಬದಿಯ ಉಪ್ಪು ಗಾಳಿಗೆ ಅಂಚು ತುಕ್ಕು ತಿಂದಿತ್ತು, ಎರಡು ದಿನಕ್ಕೊಮ್ಮೆ ಗಾಳಿ ಇಳಿಯುತ್ತಿತ್ತು. ಮಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ ಚಂದದ ಅಲಾಯ್ ಸೆಟ್ ಕಣ್ಣಿಗೆ ಬಿತ್ತು. "ಐದು ತೂತು, ಹದಿನೈದು ಇಂಚು, ನಿಮ್ಮದಕ್ಕೆ ಸರಿ ಆಗ್ತದೆ ಮಾರಾಯ್ರೆ" ಅಂದರು. ಮನೆಗೆ ತಂದು ಮುಂದಿನ ಚಕ್ರ ಬಿಚ್ಚಿ ಕೂರಿಸಿ ನೋಡಿದರೆ ಐದೂ ಬೋಲ್ಟ್ ತೂತಿನೊಳಗೆ ಬಂದವು, ಆದರೆ ಗಾಡಿಯಿಂದ ಹೊರಚಾಚಿ ಚಕ್ರ ಹೊರುವ ನಡುವಿನ ಹಬ್ ರಿಮ್‌ಗೆ ತಾಗಿ ಚಕ್ರ ಪೂರ್ತಿ ಕೂರದೆ ಬೆರಳಗಲ ಸಂದಿ ಉಳಿಯಿತು. ದುಡ್ಡು ವಾಪಸ್ ಬರಲಿಲ್ಲ. ಹಳೇ ರಿಮ್ ಕೊಳ್ಳುವಾಗ ನಿಮಗೆ ಹಾಗಾಗಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ಅಂಗಡಿಗೆ ಹೊರಡುವ ಮೊದಲು ನಿಮ್ಮ ಗಾಡಿಯ ಲೆಕ್ಕ ಮನೆಯಲ್ಲೇ ತೆಗೆದುಕೊಳ್ಳಿ. ಹಿಂದಿನ ಮಾಲೀಕರು ಏನೇನು ಬದಲಿಸಿದ್ದಾರೋ ಗೊತ್ತಿಲ್ಲ, ಹಾಗಾಗಿ ಈಗ ಗಾಡಿಯಲ್ಲಿರುವ ಚಕ್ರವನ್ನು ಸುಮ್ನೆ ನಂಬಬೇಡಿ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಅಥವಾ ಗಾಡಿಯ ಪುಸ್ತಕದಲ್ಲಿರುವ ಟಯರ್ ಸೈಜ್ ನೋಡಿ.

ಮೊದಲ ಅಳತೆ ಪಿಸಿಡಿ. ಬೋಲ್ಟ್‌ಗಳ ನಡುವನ್ನು ಸೇರಿಸಿ ಒಂದು ವೃತ್ತ ಎಳೆದರೆ ಅದರ ಅಡ್ಡಳತೆ ಎಷ್ಟೋ ಅದೇ ಪಿಸಿಡಿ. ಆರು ತೂತಿನ ರಿಮ್ ಆದರೆ ಸುಲಭ, ಎದುರುಬದುರು ತೂತುಗಳ ನಡುವಿನಿಂದ ನಡುವಿಗೆ ಅಳೆದರೆ ಆಯಿತು. ಐದು ತೂತಿಗೆ ಎದುರು ತೂತೇ ಇಲ್ಲ ಅಲ್ವಾ? ಅದಕ್ಕೊಂದು ದಾರಿ ಇದೆ. ಪಕ್ಕಪಕ್ಕದ ಎರಡು ತೂತು ಹಿಡಿಯಿರಿ, ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆಯಿರಿ, ಬಂದದ್ದನ್ನು 1.7ರಿಂದ ಗುಣಿಸಿ. 82 ಮಿ.ಮೀ. ಬಂದರೆ ಪಿಸಿಡಿ 139.7. ಜಿಪ್ಸಿ, ಜಿಮ್ನಿ ಎರಡರದ್ದೂ ಇದೇ. 67 ಮಿ.ಮೀ. ಬಂದರೆ ಅದು 114.3. ಹಳೇ ಇನ್ನೋವಾದ ರಿಮ್ ಹಾಗೆ, ಅದಕ್ಕೂ ಐದು ತೂತು, ಅದೂ ಹದಿನೈದು ಇಂಚು. ರಾಶಿಯಲ್ಲಿ ಕಣ್ಣಳತೆಗೆ ಎರಡೂ ಒಂದೇ ತರ ಕಾಣುತ್ತವೆ, ಆದ್ದರಿಂದ ಟೇಪ್ ಇಲ್ಲದೆ ಹೋಗಲೇಬೇಡಿ.

ಎರಡನೆಯದು ನಡುವಿನ ತೂತು, ಅಂದರೆ ಸೆಂಟರ್ ಬೋರ್. ನನಗೆ ಪೆಟ್ಟು ಬಿದ್ದದ್ದು ಇಲ್ಲೇ, ಹೆಚ್ಚಿನವರು ಅಳೆಯದೇ ಬಿಡುವುದೂ ಇದನ್ನೇ. ಫಾರ್ಚುನರ್, ಇಸುಜು ವಿ-ಕ್ರಾಸ್, ಎಂಡೆವರ್, ಪಜೆರೋ ಸ್ಪೋರ್ಟ್ ನಾಲ್ಕಕ್ಕೂ ಆರು ತೂತು, ಪಿಸಿಡಿ 139.7. ಆದರೆ ನಡುವಿನ ತೂತು ಫಾರ್ಚುನರ್‌ಗೆ ಸುಮಾರು 106 ಮಿ.ಮೀ., ವಿ-ಕ್ರಾಸ್‌ಗೆ 100, ಎಂಡೆವರ್‌ಗೆ 93, ಪಜೆರೋ ಸ್ಪೋರ್ಟ್‌ಗೆ ಬರೀ 67. ಪಜೆರೋದ ರಿಮ್ ಫಾರ್ಚುನರ್‌ಗೆ ಏನು ಮಾಡಿದರೂ ಕೂರುವುದಿಲ್ಲ. ಫಾರ್ಚುನರ್‌ನ ರಿಮ್ ಪಜೆರೋಗೆ ಕೂರುತ್ತದೆ, ಆದರೆ ಹಬ್ ಸುತ್ತ ಸಂದಿ ಬಿಡುತ್ತದೆ. ಆ ಸಂದಿಗೆ ಸರಿಯಾದ ಅಳತೆಯ ರಿಂಗ್ ಹಾಕದಿದ್ದರೆ ಚಕ್ರ ನಡುವಿಗೆ ಕೂರದೆ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು. ಜಿಪ್ಸಿ, ಜಿಮ್ನಿಗೆ 108 ಬೇಕು. ತೂತು ಚಿಕ್ಕದಿದ್ದರೆ ಕೊರೆದು ದೊಡ್ಡದು ಮಾಡಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಅಲಾಯ್ ಕೊರೆದರೆ ಅದರ ಬಲ ಎಷ್ಟು ಉಳಿಯುತ್ತದೆ ಅಂತ ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ, ನಾನಂತೂ ಒಪ್ಪುವುದಿಲ್ಲ.

ಮೂರನೆಯದು ಆಫ್‌ಸೆಟ್, ಅಂದರೆ ರಿಮ್ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ಮಿ.ಮೀ. ದೂರ ಅನ್ನುವುದು. ರಿಮ್‌ನಲ್ಲಿ ಇಟಿ ಅಂತ ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಜಿಮ್ನಿಯ ಕಂಪನಿ ರಿಮ್ 5.5 ಇಂಚು ಅಗಲ, ಇಟಿ 5. ಅದಕ್ಕೆ 7 ಇಂಚು ಅಗಲದ, ಇಟಿ ಮೈನಸ್ 15ರ ರಿಮ್ ಹಾಕಿದಿರಿ ಅಂತ ಇಟ್ಟುಕೊಳ್ಳಿ. ಅಗಲದಿಂದ 19 ಮಿ.ಮೀ., ಆಫ್‌ಸೆಟ್‌ನಿಂದ 20, ಒಟ್ಟು ಸುಮಾರು ನಾಲ್ಕು ಸೆಂ.ಮೀ. ಚಕ್ರ ಹೊರಗೆ ನಿಲ್ಲುತ್ತದೆ. ನೋಡಲು ಚಂದ ಇರಬಹುದು. ಬೇರಿಂಗ್ ಮೇಲೆ ಭಾರ ಜಾಸ್ತಿ ಬೀಳುತ್ತದೆ, ನಮ್ಮ ಮಳೆಯಲ್ಲಿ ಕೆಂಪು ಮಣ್ಣಿನ ನೀರೆಲ್ಲ ಬಾಗಿಲಿಗೆ ಹಾರುತ್ತದೆ.

ಟಯರ್ ಎತ್ತರದ ಲೆಕ್ಕ ಫೋರ್ ವೀಲ್ ಗಾಡಿಗೆ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಲ್ಲ ಗಾಡಿಗೆ, ಬಹಳ ಮುಖ್ಯ. ಟಯರ್ ಸೈಜ್‌ನಲ್ಲಿ ಮೊದಲ ಸಂಖ್ಯೆ ಮಿ.ಮೀ. ಲೆಕ್ಕದ ಅಗಲ, ಎರಡನೆಯದು ಪಕ್ಕದ ಎತ್ತರ ಆ ಅಗಲದ ಶೇಕಡ ಎಷ್ಟು ಅಂತ, ಕೊನೆಯದು ರಿಮ್‌ನ ಇಂಚು. 265/65 ಆರ್17 ಮತ್ತು 265/60 ಆರ್18 ಎರಡೂ ಸುಮಾರು 776 ಮಿ.ಮೀ. ಎತ್ತರ, ಹಾಗಾಗಿ ಒಂದರ ಬದಲು ಇನ್ನೊಂದು ನಡೆಯುತ್ತದೆ. ಜಿಮ್ನಿಯ 195/80 ಆರ್15 ತೆಗೆದು 235/75 ಆರ್15 ಹಾಕಿದರೆ ಎತ್ತರ 693ರಿಂದ 733ಕ್ಕೆ ಏರುತ್ತದೆ. ಆಗ ಮೀಟರ್ 60 ತೋರಿಸುವಾಗ ಗಾಡಿ ಮೊದಲಿಗಿಂತ ಮೂರೂವರೆ ಕಿ.ಮೀ. ಜಾಸ್ತಿ ವೇಗದಲ್ಲಿರುತ್ತದೆ. ನಾಲ್ಕೂ ಟಯರ್ ಒಂದೇ ಸೈಜ್, ಹೆಚ್ಚುಕಮ್ಮಿ ಒಂದೇ ಸವೆತ ಇರಲಿ. ಜಿಪ್ಸಿ, ಜಿಮ್ನಿಯಂಥ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಇಲ್ಲ. ಹಿಂದೆ ಹೊಸ ಟಯರ್, ಮುಂದೆ ಸವೆದದ್ದು ಹಾಕಿ ಫೋರ್ ವೀಲ್ ಲಿವರ್ ಎಳೆದರೆ ಗೇರ್ ಬಾಕ್ಸಿನ ಹಲ್ಲುಗಳ ಮೇಲೆ ಸುಮ್ನೆ ಒತ್ತಡ. ಟಯರ್ ಸಮೇತ ಕೊಳ್ಳುವುದಾದರೆ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ನಟ್ ಕೂಡ ಹೊಂದಬೇಕು. ಜಿಪ್ಸಿಯ ಬೋಲ್ಟ್ ಎಂ12 (12 ಮಿ.ಮೀ. ದಪ್ಪ), 1.25 ಪಿಚ್ (ತ್ರೆಡ್‌ನ ಒಂದು ಸುತ್ತಿನಿಂದ ಇನ್ನೊಂದಕ್ಕೆ ಅಷ್ಟು ಮಿ.ಮೀ.). ಫಾರ್ಚುನರ್‌ದು ಎಂ12, 1.5. ಕೈಯಲ್ಲಿ ಎರಡು ಸುತ್ತು ಹೋಗಿ ಬಿಗಿಯಾದರೆ ಸ್ಪ್ಯಾನರ್ ಹಾಕಿ ಒತ್ತಬೇಡಿ, ತ್ರೆಡ್ ಹಾಳಾಗುತ್ತದೆ. ಕೋನ್ ನಟ್ ಬೇರೆ, ವಾಷರ್ ಇರುವ ಚಪ್ಪಟೆ ನಟ್ ಬೇರೆ. ಆ ರಿಮ್‌ನ ನಟ್‌ಗಳನ್ನೇ ಜೊತೆಗೆ ಕೇಳಿ ತೆಗೆದುಕೊಳ್ಳಿ.

ಇಷ್ಟೂ ಹೊಂದಿದರೂ ದುಡ್ಡು ಕೊಡುವ ಮುಂಚೆ ಒಂದು ರಿಮ್ ಗಾಡಿಗೆ ಹಾಕಿಸಿ ನೋಡಿ, ಅದೂ ಮುಂದಿನ ಚಕ್ರಕ್ಕೆ. ಹಬ್ ಹೊರಗೆ ಚಾಚಿರುವುದು, ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಇರುವುದು, ಚಕ್ರ ತಿರುಗುವುದು ಎಲ್ಲ ಅಲ್ಲೇ. ಜಾಕಿ ಮೇಲಿರುವಾಗಲೇ ಕೈಯಿಂದ ಒಂದು ಸುತ್ತು ತಿರುಗಿಸಿ, ಕ್ಯಾಲಿಪರ್‌ಗೆ ಉಜ್ಜುವ ಸದ್ದು ಬರಬಾರದು. ಕೆಳಗಿಳಿಸಿ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಆಮೇಲೆ ಆ ಚಕ್ರವನ್ನು ಒಂದು ಕೆಂಪುಕಲ್ಲಿನ ಮೇಲೆ ಹತ್ತಿಸಿ ಮತ್ತೆ ತಿರುಗಿಸಿ. ಮಡ್‌ಗಾರ್ಡ್‌ಗೆ ತಾಗುವುದು ಹೆಚ್ಚಾಗಿ ಆಗಲೇ ಗೊತ್ತಾಗುತ್ತದೆ.

ಕೂರಿಸುವಾಗ ಹಬ್‌ನ ಮುಖದಲ್ಲಿರುವ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ನಟ್‌ಗಳನ್ನು ಒಂದು ಬಿಟ್ಟು ಒಂದರಂತೆ ಬಿಗಿ ಮಾಡಿ, ಪುಸ್ತಕದಲ್ಲಿ ಹೇಳಿದಷ್ಟೇ ಟಾರ್ಕ್‌ಗೆ, ಅಂದರೆ ಅಷ್ಟೇ ಬಿಗಿಗೆ. ಮಂಗಳೂರಿನಲ್ಲಿ ಹಾಕಿಸಿಕೊಂಡು ಹೊರಟರೆ ಉಡುಪಿ ಮುಟ್ಟಿದ ಮೇಲೆ ಚಕ್ರ ತಣ್ಣಗಾಗಲು ಬಿಟ್ಟು, ಎಲ್ಲ ನಟ್‌ಗಳಿಗೂ ಇನ್ನೊಮ್ಮೆ ಸ್ಪ್ಯಾನರ್ ಹಿಡಿಯಿರಿ.