ಕೀವು ತುಂಬಿದ ಮುರಿತಕ್ಕೆ ರಿಂಗ್ ಹಾಕುವ ಮುನ್ನ ಮತ್ತು ನಂತರ

ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯಾದ ಟಿಬಿಯಾದ ಒಳಮುಂಭಾಗದಲ್ಲಿ ಚರ್ಮದ ಅಡಿಯಲ್ಲೇ ಮೂಳೆ ಕೈಗೆ ಸಿಗುತ್ತದೆ. ಅಲ್ಲಿ ಮಾಂಸಖಂಡದ ಹೊದಿಕೆಯಿಲ್ಲ. ಬೈಕ್ ಅಪಘಾತದಲ್ಲಿ ಚರ್ಮ ಸೀಳಿ ಮೂಳೆ ಹೊರಬಂದರೆ ರಕ್ತಪೂರೈಕೆ ಕಡಿದುಹೋಗಿ, ಮಣ್ಣಿನೊಂದಿಗೆ ರೋಗಾಣುಗಳೂ ಒಳಸೇರುವುದಕ್ಕೆ ಇದೇ ಕಾರಣ. ನನ್ನ ಬಳಿ ಬರುವ ಇಂಥ ರೋಗಿಗಳಲ್ಲಿ ಬಹುತೇಕರು ಅದಾಗಲೇ ಎರಡು ಮೂರು ಶಸ್ತ್ರಚಿಕಿತ್ಸೆಗಳನ್ನು ಕಂಡವರು. ಒಳಗೆ ಪ್ಲೇಟ್ ಅಥವಾ ರಾಡ್, ಮೇಲೆ ಮುಚ್ಚಿ ಮುಚ್ಚಿ ತೆರೆದುಕೊಳ್ಳುವ ಸಣ್ಣ ತೂತು, ಕೈಯಲ್ಲಿ ಮಾತ್ರೆ ಚೀಟಿಗಳ ಕಟ್ಟು. ಆ್ಯಂಟಿಬಯಾಟಿಕ್ ನುಂಗಿದಷ್ಟು ದಿನ ಕೀವು ನಿಲ್ಲುತ್ತದೆ, ಬಿಟ್ಟರೆ ಮತ್ತೆ ಸೋರುತ್ತದೆ. ಲೋಹದ ಮೇಲೂ ಸತ್ತ ಮೂಳೆಯ ಮೇಲೂ ರೋಗಾಣುಗಳು ತಮ್ಮ ಸುತ್ತ ಲೋಳೆಯಂಥ ಪೊರೆ ಕಟ್ಟಿಕೊಂಡಿರುವುದರಿಂದ, ರಕ್ತದ ಮೂಲಕ ಹೋಗುವ ಔಷಧ ಅವುಗಳನ್ನು ಬೇರುಸಹಿತ ಕೊಲ್ಲಲಾರದು.

ಆದ್ದರಿಂದ ನಾನು ಮೊದಲು ಮಾಡುವುದು ಔಷಧ ನಿಲ್ಲಿಸುವ ಕೆಲಸ. ಜ್ವರವಾಗಲಿ, ಸುತ್ತಲೂ ಹಬ್ಬುವ ಕೆಂಪಾಗಲಿ ಇಲ್ಲದಿದ್ದರೆ ಕನಿಷ್ಠ ಎರಡು ವಾರ ಯಾವ ಆ್ಯಂಟಿಬಯಾಟಿಕ್ಕನ್ನೂ ಕೊಡುವುದಿಲ್ಲ. ಇಲ್ಲವಾದರೆ ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯ ವರದಿ ಸುಳ್ಳು ಹೇಳುತ್ತದೆ. ಹೊರಗಿನ ತೂತಿಗೆ ಹತ್ತಿ ಒತ್ತಿ ಕಳಿಸುವ ಮಾದರಿಯನ್ನು ನಾನು ನಂಬುವುದಿಲ್ಲ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಆಳದಿಂದ, ಪ್ರತಿ ಬಾರಿಯೂ ಬೇರೆ ಉಪಕರಣ ಬಳಸಿ, ಐದು ತುಣುಕುಗಳನ್ನು ತೆಗೆದು ಕಳಿಸುತ್ತೇನೆ. ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರುವುದು, ಬೀಡಿ ಸಿಗರೇಟು ಬಿಡಿಸುವುದು ಇದೇ ಅವಧಿಯಲ್ಲಿ ಆಗಬೇಕು. ಎರಡನೆಯದು ಹೆಚ್ಚು ಕಷ್ಟ.

ಇಡೀ ಚಿಕಿತ್ಸೆಯ ಭವಿಷ್ಯ ನಿರ್ಧಾರವಾಗುವುದು ಸತ್ತದ್ದನ್ನು ತೆಗೆಯುವ ಆ ಒಂದೆರಡು ತಾಸುಗಳಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ. ಒಳಗಿನ ಲೋಹವನ್ನೆಲ್ಲ ತೆಗೆದ ಮೇಲೆ ಎದುರಿಗೆ ಕಾಣುವ ಸತ್ತ ಮೂಳೆ ದಂತದಂತೆ ಬಿಳಿಯಾಗಿ, ನುಣ್ಣಗೆ, ಒಣಗಿರುತ್ತದೆ. ರಕ್ತದ ಹರಿವು ತಡೆಯಲು ಕಾಲಿಗೆ ಕಟ್ಟಿದ ಟೂರ್ನಿಕೆಟ್ ಪಟ್ಟಿಯನ್ನು ಸಡಿಲಿಸಿ, ಮೂಳೆ ಬಿಸಿಯಾಗದಂತೆ ಸಲೈನ್ ಸುರಿಯುತ್ತ, ಅಂಚನ್ನು ಸ್ವಲ್ಪ ಸ್ವಲ್ಪವಾಗಿ ಕೊರೆಯುತ್ತ ಹೋಗುತ್ತೇನೆ. ಖಾರದ ಪುಡಿ ಉದುರಿಸಿದಂತೆ ಸಣ್ಣ ಕೆಂಪು ಚುಕ್ಕೆಗಳಲ್ಲಿ ರಕ್ತ ಜಿನುಗತೊಡಗಿದ ಕಡೆ ಜೀವಂತ ಮೂಳೆ ಶುರುವಾಯಿತೆಂದು ಅರ್ಥ, ಅಲ್ಲಿಯವರೆಗೆ ನಿಲ್ಲಬಾರದು. ಇನ್ನೊಂದು ಸೆಂಟಿಮೀಟರ್ ಉಳಿಸಿಕೊಳ್ಳೋಣ ಎಂಬ ಆಸೆ ಪ್ರತಿ ಸಲವೂ ಮನಸ್ಸಿನಲ್ಲಿ ಏಳುತ್ತದೆ. ಆದರೆ ಅಂತರವನ್ನು ತುಂಬಲು ನಮ್ಮಲ್ಲಿ ದಾರಿಗಳಿವೆ, ಉಳಿದ ಸತ್ತ ಮೂಳೆಗೆ ದಾರಿಯಿಲ್ಲ. “ಎಲುಬನ್ನೇ ತೆಗೆದುಬಿಟ್ಟರೆ ಕಾಲು ನಿಲ್ಲುತ್ತದಾ ಸರ್?” ಎಂದು ಮನೆಯವರು ಕೇಳುವುದು ಸಹಜವಾದ್ದರಿಂದ, ಎಕ್ಸ್‌ರೇ ಹಿಡಿದು ಇದನ್ನು ಮೊದಲೇ ವಿವರಿಸಿರುತ್ತೇನೆ.

ಅಂತರ ಚಿಕ್ಕದಿದ್ದರೆ ಎರಡೂ ತುದಿಗಳನ್ನು ಅಲ್ಲೇ ಕೂಡಿಸಿ, ಕಡಿಮೆಯಾದ ಉದ್ದವನ್ನು ಬೇರೆ ಕಡೆಯಿಂದ ಬೆಳೆಸಬಹುದು. ಔಷಧ ಬೆರೆಸಿದ ಮೂಳೆ ಸಿಮೆಂಟನ್ನು ಅಂತರದಲ್ಲಿಟ್ಟು, ಆರರಿಂದ ಎಂಟು ವಾರಗಳಲ್ಲಿ ಅದರ ಸುತ್ತ ಬೆಳೆಯುವ ಪೊರೆಯೊಳಗೆ ಸೊಂಟದ ಮೂಳೆಯ ಪುಡಿ ತುಂಬುವ ಮಾಸ್ಕೆಲೆ ವಿಧಾನವೂ ಇದೆ. ಅಂತರ ದೊಡ್ಡದಿದ್ದಾಗ ನಾನು ಹಿಡಿಯುವುದು ಸೈಬೀರಿಯಾದ ಕುರ್ಗಾನ್‌ನಲ್ಲಿ ಗವ್ರೀಲ್ ಇಲಿಜಾರೋವ್ ಅವರು 1950ರ ದಶಕದಿಂದ ಬೆಳೆಸಿದ ರಿಂಗ್ ವಿಧಾನವನ್ನು. 1.8 ಮಿಲಿಮೀಟರ್ ದಪ್ಪದ ತಂತಿಗಳನ್ನು ಮೂಳೆಯ ಮೂಲಕ ಹಾಯಿಸಿ, ಬಿಗಿಯಾಗಿ ಎಳೆದು, ಕಾಲಿನ ಸುತ್ತಲ ಉಂಗುರಗಳಿಗೆ ಕಟ್ಟುತ್ತೇವೆ. ಸೋಂಕಿನಿಂದ ದೂರದಲ್ಲಿ, ಸಾಮಾನ್ಯವಾಗಿ ಮೊಣಕಾಲಿನ ಕೆಳಗೆ, ಆರೋಗ್ಯವಂತ ಮೂಳೆಯನ್ನು ಉಳಿಯಿಂದ ಹುಷಾರಾಗಿ ಕತ್ತರಿಸಿ, ಸುಮಾರು ಒಂದು ವಾರ ಕಾದು, ನಡುವಿನ ತುಂಡನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ಕೆಳಗೆ ಸರಿಸುತ್ತ ಹೋದರೆ, ಅದರ ಹಿಂದೆ ಹೊಸ ಮೂಳೆ ಹುಟ್ಟಿಕೊಳ್ಳುತ್ತದೆ.

ಆ ಸರಿಸುವ ಕೆಲಸ ಮನೆಯಲ್ಲಿ ರೋಗಿಯದೇ. ಉಂಗುರಗಳನ್ನು ಜೋಡಿಸುವ ಹೊರಗಿನ ರಾಡಿನ ನಟ್ಟನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಒಂದು ಮಿಲಿಮೀಟರ್. ಅದನ್ನು ಆರು ತಾಸಿಗೊಮ್ಮೆ ಕಾಲು ಸುತ್ತಿನಂತೆ ಹಂಚಬೇಕು. ತಿರುಗಿಸಬೇಕಾದ ಪ್ರತಿ ನಟ್ಟಿಗೂ ಉಗುರುಬಣ್ಣದ ಗುರುತು ಹಚ್ಚಿ, ಸ್ಪ್ಯಾನರನ್ನು ಕೈಗೆ ಕೊಟ್ಟು, ವಾರ್ಡಿನಲ್ಲಿ ನನ್ನೆದುರೇ ತಿರುಗಿಸಿ ತೋರಿಸಿದ ಮೇಲೆಯೇ ಮನೆಗೆ ಕಳಿಸುತ್ತೇನೆ. ಶಾಲೆಯ ಮೆಟ್ಟಿಲು ಹತ್ತದ ರೈತರೂ ಇದನ್ನು ಲೆಕ್ಕ ತಪ್ಪದೆ ಮಾಡುತ್ತಾರೆ. ತಂತಿ ಹೊಕ್ಕ ಜಾಗಗಳನ್ನು ಸ್ವಚ್ಛವಾಗಿಡುವುದು, ಪಾದ ಕೆಳಕ್ಕೆ ಬಾಗಿ ಗಟ್ಟಿಯಾಗದಂತೆ ವ್ಯಾಯಾಮ ಮಾಡುವುದು, ನೋವಿದ್ದರೂ ವಾಕರ್ ಹಿಡಿದು ಕಾಲೂರಿ ನಡೆಯುವುದು, ಇವುಗಳಲ್ಲಿ ಒಂದನ್ನು ಕೈಬಿಟ್ಟರೂ ಮೂಳೆ ಕೂಡಿದ ಮೇಲೆ ಕಾಲು ಉಪಯೋಗಕ್ಕೆ ಬರುವುದು ಕಷ್ಟ. ಪ್ರತಿ ಸೆಂಟಿಮೀಟರಿಗೆ ಒಂದೂವರೆ ತಿಂಗಳ ಹತ್ತಿರ ರಿಂಗ್ ಇರಬೇಕಾಗುತ್ತದೆಯೆಂದು ಮೊದಲೇ ಹೇಳಿಬಿಡುತ್ತೇನೆ. ಐದು ಸೆಂಟಿಮೀಟರ್ ಎಂದರೆ ಏಳೆಂಟು ತಿಂಗಳು. ಪಾದದ ಸ್ಪರ್ಶಜ್ಞಾನವೇ ಹೋಗಿರುವವರಿಗೂ, ಅಷ್ಟು ಕಾಲ ಕೂಲಿ ಬಿಟ್ಟು ಕೂರಲಾಗದವರಿಗೂ ಕಾಲು ತೆಗೆದು ಒಳ್ಳೆಯ ಕೃತಕ ಕಾಲು ಹಾಕಿಸುವ ಆಯ್ಕೆಯನ್ನೂ ಅಷ್ಟೇ ಮುಕ್ತವಾಗಿ ಮುಂದಿಡುತ್ತೇನೆ.

ಸರಿದ ತುಂಡು ಎದುರಿನ ತುದಿಗೆ ತಾಗಿದ ಕೂಡಲೇ ಕೂಡಿಕೊಳ್ಳುತ್ತದೆಂದು ಕಾಯುವುದು ನನ್ನ ರೂಢಿಯಲ್ಲ. ನಡುವೆ ಸಿಕ್ಕಿಕೊಂಡ ನಾರಿನಂಥ ಅಂಗಾಂಶವನ್ನು ತೆಗೆದು, ಎರಡೂ ತುದಿಗಳನ್ನು ಹೊಸದಾಗಿಸಿ, ಸೊಂಟದಿಂದ ಮೂಳೆ ಇಟ್ಟು ಒತ್ತಿ ಹಿಡಿಸುತ್ತೇನೆ. ಎಕ್ಸ್‌ರೇಯ ಎರಡು ನೋಟಗಳಲ್ಲಿ ಕಾಣುವ ಮೂಳೆಯ ನಾಲ್ಕು ಗೋಡೆಗಳಲ್ಲಿ ಮೂರಾದರೂ ಗಟ್ಟಿಯಾದ ಮೇಲೆ ರಾಡುಗಳನ್ನು ಸಡಿಲಿಸಿ ಕೆಲವು ವಾರ ನಡೆಸುತ್ತೇನೆ. ನೋವೂ ಬಾಗುವಿಕೆಯೂ ಇಲ್ಲದಿದ್ದರೆ ರಿಂಗ್ ತೆಗೆದು ಕಾಲಿಗೆ ಆಧಾರವಾಗುವ ಬ್ರೇಸ್ ಹಾಕುತ್ತೇನೆ. ಅದಾದ ಮೇಲೂ ಎರಡು ವರ್ಷ ತಪಾಸಣೆಗೆ ಕರೆಯುತ್ತೇನೆ. ಹಳೆಯ ಗಾಯದ ಮೇಲೆ ಒಂದು ಹನಿ ಕೀವು ಕಂಡರೂ ಊರಿನ ಅಂಗಡಿಯಲ್ಲಿ ಮಾತ್ರೆ ಕೊಳ್ಳದೆ ನೇರವಾಗಿ ಬರಬೇಕೆಂದು ಡಿಸ್ಚಾರ್ಜ್ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡುತ್ತೇನೆ.