ಇಂಗ್ಲಿಷ್ ವಾಕ್ಯ ಪೂರ್ತಿಯೋ, ಅರ್ಧವೋ? ಹೀಗೆ ಪರೀಕ್ಷಿಸಿ

ರಜೆ ಅರ್ಜಿಯನ್ನು ನಮ್ಮಲ್ಲಿ ಬಹಳ ಮಂದಿ ಹೀಗೆ ಶುರು ಮಾಡುತ್ತಾರೆ: ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್.’ ಅಲ್ಲಿಗೆ ಫುಲ್‌ಸ್ಟಾಪ್. ಆಮೇಲೆ ಹೊಸ ಸಾಲು: ‘ಐ ರಿಕ್ವೆಸ್ಟ್ ಯು ಟು ಗ್ರಾಂಟ್ ಮಿ ಲೀವ್ ಫಾರ್ ಟೂ ಡೇಸ್.’ ಎರಡನೆಯದು ಸರಿಯಾದ ವಾಕ್ಯ. ಮೊದಲನೆಯದು ವಾಕ್ಯದ ತುಂಡು ಮಾತ್ರ. ಇದಕ್ಕೆ ಇಂಗ್ಲಿಷ್‌ನಲ್ಲಿ ಸೆಂಟೆನ್ಸ್ ಫ್ರಾಗ್ಮೆಂಟ್ ಅನ್ನುತ್ತಾರೆ. ಅದರಲ್ಲಿ ಕರ್ತೃ ಇದೆ, ಕ್ರಿಯಾಪದ ಇದೆ, ಕೊನೆಗೆ ಫುಲ್‌ಸ್ಟಾಪೂ ಇದೆ. ಮತ್ತೆ ತಪ್ಪೆಲ್ಲಿ?

ತಪ್ಪು ಶುರುವಿನ ‘ಆಸ್’ನಲ್ಲಿದೆ. ಇದನ್ನು ಕನ್ನಡಿಗರಿಗೆ ಯಾರಾದರೂ ಕನ್ನಡದ ಮೂಲಕವೇ ಹೇಳಿಕೊಟ್ಟರೆ ಅರ್ಧ ಗೊಂದಲ ಕಳೆಯುತ್ತದೆ ಎನ್ನುವುದು ನನ್ನ ನಂಬಿಕೆ. ಮಾತು ಇನ್ನೂ ಮುಗಿದಿಲ್ಲ ಅನ್ನುವ ಗುರುತು ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲಿರುತ್ತದೆ. ಬಂದಾಗ, ಬಂದರೆ, ಬಂದರೂ, ಬಂದದ್ದರಿಂದ. ಇವುಗಳನ್ನು ಕೇಳಿದ ಕೂಡಲೇ ‘ಮುಂದೆ?’ ಅಂತ ಕಾಯುತ್ತೇವೆ. ಇಂಗ್ಲಿಷ್‌ನಲ್ಲಿ ಅದೇ ಗುರುತು ಮಾತಿನ ತಲೆಯಲ್ಲಿ ಕೂತಿರುತ್ತದೆ: ವೆನ್, ಇಫ್, ದೋ, ಬಿಕಾಸ್. ಕೊನೆಯಲ್ಲಿರುವ ಕ್ರಿಯಾಪದ ಮಾತ್ರ ‘ಕೇಮ್’ ಅಂತ ಏನೂ ಆಗದ ಹಾಗೆ ಇರುತ್ತದೆ. ನಮ್ಮ ಕಿವಿ ಬಾಲವನ್ನು ನೋಡುತ್ತದೆ, ತಲೆಯನ್ನು ಮರೆಯುತ್ತದೆ.

ಮೊದಲ ಹೆಜ್ಜೆ: ಕಾಲ ತೋರಿಸುವ ಕ್ರಿಯಾಪದ ಹುಡುಕಿ

ಸಾಲಿಗೆ ‘ಎವ್ರಿ ಡೇ’ ಸೇರಿಸಿ ಓದಿ, ಆಮೇಲೆ ‘ಯೆಸ್ಟರ್‌ಡೇ’ ಸೇರಿಸಿ ಓದಿ. ಯಾವ ಪದ ಬದಲಾಗುತ್ತದೋ ಅದೇ ನಿಜವಾದ ಕ್ರಿಯಾಪದ. ‘ಶಿ ವಾಕ್ಸ್ ಟು ಸ್ಕೂಲ್’ ನಿನ್ನೆಗೆ ಹೋದರೆ ‘ಶಿ ವಾಕ್ಡ್ ಟು ಸ್ಕೂಲ್’ ಆಗುತ್ತದೆ. ಸರಿ, ಕ್ರಿಯಾಪದ ಸಿಕ್ಕಿತು. ಈಗ ‘ದಿ ಗರ್ಲ್ ವಾಕಿಂಗ್ ಟು ಸ್ಕೂಲ್’ ನೋಡಿ. ನಿನ್ನೆಯಾದರೂ ವಾಕಿಂಗ್, ಇವತ್ತಾದರೂ ವಾಕಿಂಗ್. ಇದು ‘ಶಾಲೆಗೆ ನಡೆದು ಹೋಗುತ್ತಿರುವ ಹುಡುಗಿ’ ಅಂದ ಹಾಗೆ. ಆ ಹುಡುಗಿ ಏನು ಮಾಡಿದಳು, ಅವಳಿಗೆ ಏನಾಯಿತು ಅನ್ನುವುದು ಬಂದೇ ಇಲ್ಲ. ‘ಟು ವಾಕ್’ ಕೂಡ ಹೀಗೆಯೇ, ಕಾಲ ತೋರಿಸುವುದಿಲ್ಲ. ‘ಇಂಗ್’ ಬಾಲದ ಪದ ಒಂದೇ ಇದ್ದರೆ ಸಾಲದು, ಜೊತೆಗೆ ಈಸ್, ಆರ್, ವಾಸ್, ವರ್ ಅಥವಾ ಅಂಥದ್ದೊಂದು ಪದ ಬೇಕು.

ಇಲ್ಲೇ ನಮಗೆ ಇನ್ನೊಂದು ತೊಡಕು. ‘ಇವರು ನಮ್ಮ ಮೇಷ್ಟ್ರು’ ಅನ್ನುವಲ್ಲಿ ಕ್ರಿಯಾಪದವೇ ಇಲ್ಲ, ಆದರೂ ಕನ್ನಡದಲ್ಲಿ ಅದು ಪೂರ್ತಿ ವಾಕ್ಯ. ‘ಅವಳು ತುಂಬಾ ಜಾಣೆ’ ಕೂಡ ಪೂರ್ತಿ. ಅದೇ ಅಭ್ಯಾಸದಲ್ಲಿ ‘ಶಿ ವೆರಿ ಇಂಟೆಲಿಜೆಂಟ್’ ಅಂತ ಬರೆದರೆ ಇಂಗ್ಲಿಷ್ ಒಪ್ಪುವುದಿಲ್ಲ. ಅಲ್ಲಿ ‘ಈಸ್’ ಬೇಕೇ ಬೇಕು.

ಎರಡನೇ ಹೆಜ್ಜೆ: ಯಾರು, ಏನು ಅಂತ ಕೇಳಿ

ಕ್ರಿಯಾಪದ ಸಿಕ್ಕ ಮೇಲೆ ಅದನ್ನು ಮಾಡಿದವರು ಯಾರು ಅಂತ ಕೇಳಿ. ‘ನಾಳೆ ಬರ್ತೀನಿ’ ಅಂದರೆ ನಮಗೆ ಸಾಕು. ಬರುವುದು ನಾನೇ ಅನ್ನುವುದನ್ನು ಆ ‘ಈನಿ’ ಹೇಳಿಬಿಡುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಅಷ್ಟು ಶಕ್ತಿ ಇಲ್ಲ. ‘ವಿಲ್ ಕಮ್ ಟುಮಾರೋ’ ವಾಟ್ಸ್ಆ್ಯಪ್‌ನಲ್ಲಿ ನಡೆಯುತ್ತದೆ, ಆಫೀಸಿನ ಪತ್ರದಲ್ಲಿ ‘ಐ’ ಬೇಕು. ಮಳೆ ಸುರಿಯುವಾಗ ಕೂಡ ಯಾರೂ ಇಲ್ಲದ ಜಾಗಕ್ಕೆ ಸುಮ್ನೆ ಒಂದು ‘ಇಟ್’ ತಂದು ಕೂರಿಸುತ್ತಾರೆ: ‘ಇಟ್ ಈಸ್ ರೈನಿಂಗ್.’ ಅಪ್ಪಣೆಯ ಮಾತಿಗೆ ಮಾತ್ರ ವಿನಾಯಿತಿ. ‘ಸಿಟ್ ಡೌನ್’ ಪೂರ್ತಿ ವಾಕ್ಯ, ಯಾಕೆಂದರೆ ಎದುರಿಗಿರುವ ‘ಯು’ ಅದರೊಳಗೇ ಇದೆ.

ಮೂರನೇ ಹೆಜ್ಜೆ: ಸಾಲಿನ ತಲೆ ನೋಡಿ

ಜಾಸ್ತಿ ತಪ್ಪುಗಳು ಆಗುವುದು ಇಲ್ಲೇ. ಬಿಕಾಸ್, ಸಿನ್ಸ್, ಆಸ್, ಇಫ್, ಅನ್ಲೆಸ್, ವೆನ್, ವೈಲ್, ಆಫ್ಟರ್, ಬಿಫೋರ್, ದೋ, ಆಲ್ದೋ. ಇವುಗಳಲ್ಲಿ ಯಾವುದಾದರೂ ತಲೆಯಲ್ಲಿದ್ದರೆ ಒಂದು ಕ್ಷಣ ನಿಲ್ಲಿ. ಸಾಲನ್ನು ಕನ್ನಡಕ್ಕೆ ತನ್ನಿ. ‘ದೋ ಹಿ ಸ್ಟಡೀಡ್ ವೆಲ್’ ಎಂದರೆ ‘ಅವನು ಚೆನ್ನಾಗಿ ಓದಿದರೂ’. ನಿಮ್ಮ ಕಿವಿಯೇ ಉತ್ತರ ಹೇಳುತ್ತದೆ, ಅಲ್ವಾ?

‘ಬಿಕಾಸ್’ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಅದನ್ನು ‘ಯಾಕೆಂದರೆ’ ಅಂತ ಕನ್ನಡಕ್ಕೆ ತಂದರೆ ಕಿವಿ ಮೋಸ ಹೋಗುತ್ತದೆ. ‘ನಾನು ತಡವಾಗಿ ಬಂದೆ. ಯಾಕೆಂದರೆ ಬಸ್ಸು ತಪ್ಪಿತು.’ ಕನ್ನಡದಲ್ಲಿ ಇವು ಎರಡೂ ಪೂರ್ತಿ ವಾಕ್ಯಗಳು. ಇದೇ ಧಾಟಿಯಲ್ಲಿ ‘ಐ ಕೇಮ್ ಲೇಟ್. ಬಿಕಾಸ್ ಐ ಮಿಸ್ಡ್ ದಿ ಬಸ್.’ ಅಂತ ಬರೆಯುತ್ತೇವೆ. ಎರಡನೆಯದು ತುಂಡು. ಹಾಗಾಗಿ ಬಿಕಾಸ್ ಕಂಡಾಗ ‘ಬಸ್ಸು ತಪ್ಪಿದ್ದರಿಂದ’ ಅಂತಲೇ ಓದಿಕೊಳ್ಳಿ.

ಹಾಗಂತ ಬಿಕಾಸ್‌ನಿಂದ ವಾಕ್ಯ ಶುರು ಮಾಡಲೇಬಾರದು ಅಂತ ಮಕ್ಕಳಿಗೆ ಹೇಳುವುದು ಸರಿಯಲ್ಲ. ‘ಬಿಕಾಸ್ ಐ ಮಿಸ್ಡ್ ದಿ ಬಸ್, ಐ ಕೇಮ್ ಲೇಟ್’ ಅಪ್ಪಟ ಸರಿಯಾದ ವಾಕ್ಯ. ನೋಡಬೇಕಾದ್ದು ಕಾಮಾದ ಆಚೆಗೆ ಪೂರ್ತಿ ಮಾತು ಬಂದಿದೆಯೇ ಅನ್ನುವುದನ್ನು. ಇನ್ನು ಹೌಎವರ್, ದೇರ್‌ಫೋರ್, ಬಟ್ ತಲೆಯಲ್ಲಿದ್ದರೆ ಭಯ ಬೇಡ. ಅವು ವಾಕ್ಯವನ್ನು ಅರ್ಧ ಮಾಡುವುದಿಲ್ಲ.

‘ವಿಚ್’ ಮತ್ತು ‘ಸಚ್ ಆಸ್’ ಕೂಡ ಪಟ್ಟಿಯಲ್ಲಿರಲಿ. ‘ವಿಚ್ ವಾಸ್ ಎ ಬಿಗ್ ಪ್ರಾಬ್ಲಮ್.’ ಅಂತ ಒಂಟಿಯಾಗಿ ಬಿಟ್ಟರೆ ಅದು ತುಂಡು. ವಿಚ್ ತೆಗೆದು ‘ದಿಸ್’ ಹಾಕಿ, ಸರಿಹೋಯಿತು. ಆದರೆ ‘ವಿಚ್ ಬಸ್ ಗೋಸ್ ಟು ಹಂಪಿ?’ ಪ್ರಶ್ನೆ. ಅದು ಪೂರ್ತಿ.

ಇನ್ನೂ ಅನುಮಾನವೇ?

ಸಾಲಿನ ತಲೆಗೆ ‘ಐ ನೋ ದಟ್’ ಅಂತ ಸೇರಿಸಿ ಓದಿ. ‘ಐ ನೋ ದಟ್ ಶಿ ವಾಕ್ಸ್ ಟು ಸ್ಕೂಲ್’ ಮುಗಿದ ಮಾತು. ‘ಐ ನೋ ದಟ್ ದಿ ಗರ್ಲ್ ವಾಕಿಂಗ್ ಟು ಸ್ಕೂಲ್’ ಗಾಳಿಯಲ್ಲಿ ನಿಲ್ಲುತ್ತದೆ. ಪ್ರಶ್ನೆಗೆ, ಅಪ್ಪಣೆಗೆ ಈ ಪರೀಕ್ಷೆ ಬೇಡ, ಉಳಿದ ಸಾಲುಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಬರೆದು ಮುಗಿಸಿದ ಮೇಲೆ ಕೊನೆಯ ವಾಕ್ಯದಿಂದ ಶುರು ಮಾಡಿ, ಒಂದೊಂದೇ ವಾಕ್ಯವನ್ನು ಓದುತ್ತಾ ಮೇಲಕ್ಕೆ ಬನ್ನಿ. ಮೇಲಿನಿಂದ ಓದಿದರೆ ಹಿಂದಿನ ವಾಕ್ಯದ ಅರ್ಥ ತುಂಡಿಗೂ ಅಂಟಿಕೊಂಡು ಎಲ್ಲವೂ ಸರಿಯಾಗಿ ಕಾಣುತ್ತದೆ. ತಿರುಗಿಸಿ ಓದಿದರೆ ತುಂಡು ಒಂಟಿಯಾಗಿ ಸಿಕ್ಕಿಬೀಳುತ್ತದೆ. ಹಳೆಯ ಎಂಎಸ್ ವರ್ಡ್ ಇಂಥ ತುಂಡುಗಳ ಕೆಳಗೆ ಹಸಿರು ಅಲೆಗೆರೆ ಎಳೆಯುತ್ತಿತ್ತು. ಪರೀಕ್ಷೆಯಲ್ಲಿ ಆ ಸಹಾಯ ಇರುವುದಿಲ್ಲ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ 60 ನಿಮಿಷದೊಳಗೆ ಕನಿಷ್ಠ 150 ಪದದ್ದೊಂದು, 250 ಪದದ್ದೊಂದು ಬರೆಯಬೇಕು. ಅಂಕ ಕೊಡುವ ನಾಲ್ಕು ಅಳತೆಗಳಲ್ಲಿ ವ್ಯಾಕರಣವೂ ಒಂದು. ಕೊನೆಯ ಐದು ನಿಮಿಷವನ್ನು ಹೀಗೆ ತಿರುಗಿಸಿ ಓದಲು ಉಳಿಸಿಕೊಳ್ಳಿ.

ತುಂಡನ್ನು ಸರಿಪಡಿಸುವುದು ಸುಲಭ. ಪಕ್ಕದ ವಾಕ್ಯಕ್ಕೆ ಸೇರಿಸಿ, ಇಲ್ಲವೇ ತಲೆಯ ಪದ ಕಿತ್ತುಹಾಕಿ, ಇಲ್ಲವೇ ಬಿಟ್ಟುಹೋದ ಕರ್ತೃವನ್ನೋ ಕ್ರಿಯಾಪದವನ್ನೋ ಹಾಕಿ. ರಜೆ ಅರ್ಜಿಯ ಎರಡು ಸಾಲುಗಳ ನಡುವೆ ಫುಲ್‌ಸ್ಟಾಪ್ ತೆಗೆದು ಕಾಮಾ ಇಟ್ಟರೆ ಸಾಕು. ಆದರೆ ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾದಿಂದ ಅಂಟಿಸಬೇಡಿ, ಅದು ಬೇರೆಯೇ ತಪ್ಪು.

ಎಲ್ಲ ತುಂಡೂ ತಪ್ಪಲ್ಲ. ‘ನೋ ಪಾರ್ಕಿಂಗ್’ ಬೋರ್ಡು, ಪತ್ರಿಕೆಯ ತಲೆಬರಹ, ‘ವೇರ್ ಆರ್ ಯು?’ ಅಂದಾಗ ಬರುವ ‘ಎಟ್ ಹೋಮ್’ ಅನ್ನುವ ಉತ್ತರ, ಇವೆಲ್ಲ ತುಂಡುಗಳೇ. ನಮ್ಮ ಅರ್ಜಿಗಳ ಕೊನೆಯ ‘ಥ್ಯಾಂಕಿಂಗ್ ಯು’ ಕೂಡ ತುಂಡು. ರೂಢಿಯಿಂದ ನಡೆದುಬಂದಿದೆ, ಆದರೆ ‘ಥ್ಯಾಂಕ್ ಯು’ ಅಂತ ಬರೆಯುವುದೇ ಚೆಂದ.

ಈಗ ನೀವೇ ಪರೀಕ್ಷಿಸಿ. ‘ವೆನ್ ದಿ ಪವರ್ ವೆಂಟ್ ಆಫ್.’ ‘ಹೌಎವರ್, ನೋಬಡಿ ಕೇಮ್.’ ‘ಟು ಅಪ್ಲೈ ಫಾರ್ ಎ ಪಾಸ್‌ಪೋರ್ಟ್ ಆನ್‌ಲೈನ್.’ ‘ದಿ ಲೆಟರ್ ಸೆಂಟ್ ಬೈ ದಿ ಬ್ಯಾಂಕ್.’

ಎರಡನೆಯದು ಮಾತ್ರ ಪೂರ್ತಿ. ಕೊನೆಯದರಲ್ಲಿ ‘ಸೆಂಟ್’ ಭೂತಕಾಲದ ಹಾಗೆ ಕಂಡರೂ ಅದಕ್ಕೆ ‘ಎವ್ರಿ ಡೇ’ ಸೇರಿಸಿದರೆ ‘ಸೆಂಡ್ಸ್’ ಆಗುವುದಿಲ್ಲ. ಅದು ‘ಬ್ಯಾಂಕಿನವರು ಕಳಿಸಿದ ಪತ್ರ’ ಅಷ್ಟೇ. ಸೆಂಟ್ ಪದಕ್ಕೆ ಮೊದಲು ‘ವಾಸ್’ ಹಾಕಿ, ವಾಕ್ಯ ಪೂರ್ತಿಯಾಗುತ್ತದೆ.