ಫೆರಿಯಲ್ಲಿ ಹೋಗಿ ಪ್ರೈವೇಟ್ ಐಲ್ಯಾಂಡಿನಲ್ಲಿ ಮೂರು ರಾತ್ರಿ: ನನ್ನ ಅನುಭವ

"ಸಾಮಾನು ಸಾಗಿಸೋ ಫೆರಿಯಲ್ಲಿ ಯಾರಾದ್ರೂ ಪ್ರೈವೇಟ್ ಐಲ್ಯಾಂಡಿಗೆ ಹೋಗ್ತಾರಾ?" ಅಂತ ಯುಗಾದಿ ಊಟದ ಪಂಕ್ತಿಯಲ್ಲಿ ಒಬ್ಬರು ನಕ್ಕಿದ್ದರು. ನ್ಯೂಜೆರ್ಸಿಯಲ್ಲಿ ನಮ್ಮ ಗೆಳೆಯರ ಗುಂಪಿಗೆ ಕೆರಿಬಿಯನ್ ಹೊಸದಲ್ಲ. ಕ್ರೂಸ್ ಎಲ್ಲರೂ ಮಾಡಿದ್ದಾರೆ. ಆದರೆ ಒಂದೇ ಹೋಟೆಲಿಗೆ ಸೇರಿದ ದ್ವೀಪದಲ್ಲಿ ಉಳಿಯೋದು ನಮ್ಮಂಥ ಸಂಬಳದವರಿಗೆ ಆಗೋ ಮಾತಲ್ಲ ಅನ್ನೋದು ಎಲ್ಲರ ತೀರ್ಮಾನ. ಊರಿಂದ ಭಾವ ಫೋನಿನಲ್ಲಿ ಹೇಳಿದ್ದು ಇನ್ನೂ ನೆನಪಿದೆ: "ಆ ದುಡ್ಡಿಗೆ ಇಲ್ಲಿ ಎರಡು ಸೆಂಟ್ಸ್ ಜಾಗ ಬರ್ತದೆ ಮಾರಾಯ."

ಜಾಗ ತಗೊಳ್ಳಲಿಲ್ಲ. 2023ರ ಜೂನ್ ಮೊದಲ ವಾರ ನಾನು, ಹೆಂಡತಿ ಇಬ್ಬರೂ ಕೆರಿಬಿಯನ್ನಿನ ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ದೇಶದ ಪೆಟಿ ಸೇಂಟ್ ವಿನ್ಸೆಂಟ್ ಅನ್ನೋ ದ್ವೀಪದಲ್ಲಿ ಮೂರು ರಾತ್ರಿ ಇದ್ದು ಬಂದೆವು. ಪೂರ್ತಿ ಪ್ರವಾಸ ಏಳು ರಾತ್ರಿ, ಖರ್ಚು ಸುಮಾರು ಆರೂವರೆ ಸಾವಿರ ಡಾಲರ್. ಚಳಿಗಾಲದಲ್ಲಿ ಇಂಥದ್ದೇ ಒಂದು ದ್ವೀಪಕ್ಕೆ ಹೋಗಿದ್ದ ಗೆಳೆಯರು ಒಂದು ವಾರಕ್ಕೆ ಹದಿನೆಂಟು ಸಾವಿರ ಸುರಿದಿದ್ದರು. ಸ್ವಲ್ಪ ಕೊಚ್ಚಿಕೊಳ್ಳೋಕೆ ಇಷ್ಟು ಸಾಕಲ್ವಾ?

ಮೊದಲು ಸೋತ ಕತೆ. 2019ರಲ್ಲಿ ಬೇರೆ ದ್ವೀಪವೊಂದಕ್ಕೆ ಮುಂಗಡ ಕಟ್ಟಿದ್ದೆ. ನನ್ನ ಎಚ್1ಬಿ ಸ್ಟ್ಯಾಂಪ್, ಅಂದರೆ ಪಾಸ್‌ಪೋರ್ಟಿನಲ್ಲಿರೋ ಅಮೆರಿಕದ ಕೆಲಸದ ವೀಸಾ, ಮುಗಿದಿತ್ತು. "30 ದಿನದೊಳಗೆ ವಾಪಸ್ ಬಂದ್ರೆ ಹಳೇ ಸ್ಟ್ಯಾಂಪೇ ನಡಿಯುತ್ತೆ" ಅಂತ ಆಫೀಸಿನ ಗೆಳೆಯ ಧೈರ್ಯ ಹೇಳಿದ. ನಡೆಯುತ್ತೆ, ಆದರೆ ನಮಗೆ ಕೆನಡಾ, ಮೆಕ್ಸಿಕೋಗೆ ಹೋಗಿ ಬಂದರೆ ಮಾತ್ರ. ಕೆರಿಬಿಯನ್ ದ್ವೀಪಗಳಿಗೆ ಆ ಸೌಲಭ್ಯ ಇರೋದು ಎಫ್, ಜೆ ವೀಸಾದವರಿಗೆ, ಅಂದರೆ ವಿದ್ಯಾರ್ಥಿಗಳು, ವಿನಿಮಯ ಕಾರ್ಯಕ್ರಮದವರಿಗೆ. ವಕೀಲರು ಇದನ್ನು ಹೇಳಿದಾಗ ಹೊರಡೋಕೆ ಹನ್ನೊಂದು ದಿನ ಇತ್ತು. ಮುಂಗಡ ಕಟ್ಟಿದ್ದ ಸಾವಿರದ ನೂರು ಡಾಲರ್ ಹೋಯಿತು. ನಿಮ್ಮ ಸ್ಟ್ಯಾಂಪ್ ಯಾವತ್ತು ಮುಗಿಯುತ್ತೆ ಅಂತ ನೋಡದೆ ಮುಂದಿನದ್ದನ್ನು ಓದಲೇಬೇಡಿ.

ಎರಡನೇ ಸಲ 2022ರಲ್ಲಿ. ಅರ್ಧ ಬೆಲೆಗೆ ಐಲ್ಯಾಂಡ್ ಅಂತ ಒಂದು ಆಫರ್ ಹಿಡಿದೆ. ಹೋಗಿ ನೋಡಿದರೆ ಟೈಮ್‌ಶೇರ್, ವರ್ಷಕ್ಕೆ ಇಷ್ಟು ದಿನ ಉಳಿಯೋ ಹಕ್ಕನ್ನು ಮಾರೋ ವ್ಯವಹಾರ. ಮೊದಲ ದಿನ ನಾಲ್ಕು ಗಂಟೆ ಏಸಿ ರೂಮಿನಲ್ಲಿ ಕೂರಿಸಿ ಭಾಷಣ ಕೊಟ್ಟರು. ಸಹಿ ಹಾಕಲ್ಲ ಅಂದಮೇಲೆ ಅವರ ನಗುವೂ ನಿಂತಿತು, ಕಾಂಪ್ಲಿಮೆಂಟರಿ ಜ್ಯೂಸೂ ನಿಂತಿತು. ಸಸ್ಯಾಹಾರ ಅಂದರೆ ಐದು ದಿನವೂ ಪಾಸ್ತಾ. ಮೂರನೇ ದಿನ ಹೆಂಡತಿ ಟೊಮೆಟೊ ಸಾಸಿಗೆ ಉಪ್ಪಿನಕಾಯಿ ಕಲಸಿಕೊಂಡು ತಿಂದಳು.

ಅಲ್ಲಿ ಒಂದು ವಿಷಯ ಹೊಳೆಯಿತು. ಇಂಥ ದ್ವೀಪಗಳ ಬಿಲ್ಲಿನಲ್ಲಿ ದೊಡ್ಡ ಪಾಲು ರೂಮಿನದೇ, ಒಪ್ಪಿದೆ. ಆದರೆ ಅಲ್ಲಿ ತಲುಪೋ ಖರ್ಚು, ದಣಿದುಕೊಂಡೇ ಕಳೆಯೋ ಮೊದಲ ದಿನ, ಗಂಟು ಕಟ್ಟೋ ಕೊನೇ ದಿನ, ಇವಕ್ಕೂ ನಾವು ಅದೇ ದರ ಕೊಡುತ್ತೇವೆ. ಪ್ರಯಾಣದ ದಣಿವಿನ ನಿದ್ದೆಗೆ ರಾತ್ರಿಗೆ ಸಾವಿರ ಡಾಲರ್ ಯಾಕೆ? ಸುತ್ತಲಿನ ಸಾದಾ ಊರುಗಳಲ್ಲಿ ಸುಧಾರಿಸಿಕೊಂಡು, ಮೈ ಹಗುರಾದ ಮೇಲೆ ಐಲ್ಯಾಂಡಿಗೆ ಕಾಲಿಡಬೇಕು. ನನ್ನ ವಿಧಾನ ಇಷ್ಟೇ.

ಪೆಟಿ ಸೇಂಟ್ ವಿನ್ಸೆಂಟ್ ಆರಿಸಿದ್ದಕ್ಕೆ ಕಾರಣ ಫೆರಿ. ಅಲ್ಲಿನವರು ಸುಮ್ನೆ ಪಿಎಸ್‌ವಿ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. 115 ಎಕರೆ, ನಾವು ಹೋದಾಗ 22 ಕಲ್ಲಿನ ಮನೆ, 1968ರಲ್ಲಿ ಶುರುವಾದದ್ದು. ಪಕ್ಕದ ಯೂನಿಯನ್ ಐಲ್ಯಾಂಡಿಗೆ ದೇಶದ ರಾಜಧಾನಿ ಕಿಂಗ್ಸ್‌ಟೌನಿನಿಂದ ಫೆರಿ ಇದೆ. ಸಾಮಾನ್ಯವಾಗಿ ಜನ ಬಾರ್ಬಡೋಸಿಗೆ ಹೋಗಿ ಸಣ್ಣ ವಿಮಾನ ಹಿಡಿಯುತ್ತಾರೆ. ಇಬ್ಬರಿಗೆ ಅದೇ ಸಾವಿರದ ಮೇಲಾಗುತ್ತೆ. ನಾವು ಮಯಾಮಿ ಮೇಲೆ ಮುಖ್ಯ ದ್ವೀಪ ಸೇಂಟ್ ವಿನ್ಸೆಂಟಿನ ಆರ್ಗೈಲ್ ಏರ್‌ಪೋರ್ಟಿಗೆ ಇಳಿದೆವು. 2017ರಲ್ಲಿ ಅದು ಶುರುವಾದ ಮೇಲೆ ಈ ದಾರಿ ಸಲೀಸಾಗಿದೆ. ನಮ್ಮ ಪಾಸ್‌ಪೋರ್ಟಿಗೆ ವೀಸಾ ಕೇಳಲಿಲ್ಲ.

ಕಿಂಗ್ಸ್‌ಟೌನಿನಲ್ಲಿ ಒಂದು ರಾತ್ರಿ. ರೊಟ್ಟಿ ಅಂಗಡಿಯೊಂದರಲ್ಲಿ ಬೇಳೆ ತುಂಬಿದ ರೊಟ್ಟಿ ತಿನ್ನುತ್ತಿದ್ದಾಗ ಅಂಗಡಿಯ ಯಜಮಾನಿ ನಮ್ಮನ್ನು ನೋಡಿ, ತನ್ನ ಹಿರಿಯರು ಮದ್ರಾಸಿನಿಂದ ಬಂದವರು ಅಂದಳು. 1861ರ ಜೂನ್ 1ಕ್ಕೆ ಟ್ರಾವಂಕೂರ್ ಅನ್ನೋ ಹಡಗು ಮದ್ರಾಸಿನಿಂದ ಕಬ್ಬಿನ ತೋಟದ ಕೂಲಿಗಳನ್ನು ಇಲ್ಲಿಗೆ ತಂದಿತ್ತು. ಈಗ ಆ ದಿನವನ್ನು ಆಚರಿಸುತ್ತಾರೆ. ನಾವು ಹೋಗುವ ಹೊತ್ತಿಗೆ ಅದು ಮುಗಿದು ಎರಡು ದಿನ ಆಗಿತ್ತು. ಆಕೆಯ ಹತ್ತಿರವೇ ಒಂದು ಪೊಟ್ಟಣ ಕಡಲೆಹಿಟ್ಟು ಕೊಂಡೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಫೆರಿ ದಿನಾ ಇರುವುದಿಲ್ಲ. ಅದರ ವೇಳಾಪಟ್ಟಿ ಮೊದಲು ನೋಡಿ, ಆಮೇಲೆ ವಿಮಾನ, ಕೊನೆಗೆ ರೂಮು. ಉಲ್ಟಾ ಮಾಡಿದರೆ ಕೆಟ್ಟಿರಿ. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಮೊಟ್ಟೆ ಟ್ರೇ ಎಲ್ಲದರ ಜೊತೆ ನಾವು. ದಾರಿಯಲ್ಲಿ ಸಿಗೋ ಬೆಕ್ವೇ ದ್ವೀಪದವರೆಗೆ ಪರವಾಗಿಲ್ಲ. ಅದು ದಾಟಿ ಕನುವಾನ್ ದ್ವೀಪ ಬರೋ ತನಕ ಸಮುದ್ರ ಒದ್ದಾಡಿಸುತ್ತೆ. ನಾನು ಮಲ್ಪೆ ಕಡೆಯವನು, ದೋಣಿ ಅಂದರೆ ಭಯ ಇಲ್ಲ ಅಂತ ಬಡಾಯಿ ಕೊಚ್ಚುತ್ತಿದ್ದೆ. ಮೊದಲು ವಾಂತಿ ಮಾಡಿದ್ದು ನಾನೇ. ಕೆಳಗಿನ ಅಂತಸ್ತಿನಲ್ಲಿ, ಹಿಂದೆ ಕೂರಿ. ಬಾಯಲ್ಲಿ ಶುಂಠಿ ಇರಲಿ.

ಯೂನಿಯನ್ ಐಲ್ಯಾಂಡಿನ ಕ್ಲಿಫ್ಟನ್‌ನಲ್ಲಿ ಎರಡು ರಾತ್ರಿ, ಒಂದು ಮನೆಯ ಮಹಡಿಯಲ್ಲಿ. ರಾತ್ರಿಗೆ 85 ಡಾಲರ್. ಅಲ್ಲಿಂದಲೇ ಟೊಬೇಗೊ ಕೇಸ್ ಅನ್ನೋ ಪುಟ್ಟ ದ್ವೀಪಗಳ ಗುಂಪಿಗೆ ದೋಣಿ ಹಿಡಿದು ಆಮೆಗಳ ಜೊತೆ ಈಜಿಬಂದೆವು. ಅದೇ ಟ್ರಿಪ್ ರೆಸಾರ್ಟಿನಿಂದ ಹೋದರೆ ಎರಡು ಪಟ್ಟು. ದುಡ್ಡು ಕೊಡುವಾಗ ಲೋಕಲ್ ಈಸಿ (ಈಸ್ಟರ್ನ್ ಕೆರಿಬಿಯನ್) ಡಾಲರಿನಲ್ಲಿ ಕೊಡಿ. ಒಂದು ಅಮೆರಿಕನ್ ಡಾಲರಿಗೆ 2.70 ಅಂತ 1976ರಿಂದ ದರ ಕಟ್ಟಿಟ್ಟಿದ್ದಾರೆ, ಆದರೆ ದೋಣಿಯವರು, ಅಂಗಡಿಯವರು ಎರಡೂವರೆಗೇ ಹಿಡಿಯುತ್ತಾರೆ. ನೂರಕ್ಕೆ ಏಳೆಂಟು ಡಾಲರ್ ಹಾಗೇ ಸೋರಿಹೋಗುತ್ತೆ.

ಪಿಎಸ್‌ವಿಯ ದೋಣಿ ಅತಿಥಿಗಳನ್ನು ಹುಡುಕುವುದು ವಿಮಾನದ ಹೊತ್ತಿಗೆ. ನಾವು ಮೀನುಕಟ್ಟೆಯ ಪಕ್ಕ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದೆವು. ಬಿಳಿ ಅಂಗಿಯ ದೋಣಿಯವನು ನಮ್ಮನ್ನು ಎರಡು ಸಲ ದಾಟಿ ಹೋದ. ಮೂರನೇ ಸಲಕ್ಕೆ ಹೆಸರು ಕೂಗಿ, ನಾನು ಕೈ ಎತ್ತಿದಾಗ ಅವನಿಗೇ ನಗು. ಅರ್ಧ ಗಂಟೆಯಲ್ಲಿ ಕೈಗೆ ತಣ್ಣನೆಯ ಟವೆಲ್ಲು, ಶರಬತ್ತು.

ದರದ ವಿಷಯ. ಚಳಿಗಾಲದ ದರ ಕೇಳಿದರೆ ತಲೆ ತಿರುಗುತ್ತೆ. ಜೂನಿನಲ್ಲಿ ಮೂರು ಹೊತ್ತಿನ ಊಟ ಸೇರಿ ಇಬ್ಬರಿಗೆ ರಾತ್ರಿಗೆ ಸಾವಿರದ ನೂರೈವತ್ತರ ಆಸುಪಾಸು ಬಿತ್ತು. ಅದರ ಮೇಲೆ ತೆರಿಗೆ, ಸೇವಾ ಶುಲ್ಕ ಸುಮಾರು 20 ಪರ್ಸೆಂಟ್. ಇದನ್ನು ಮರೆತು ಲೆಕ್ಕ ಹಾಕುವವರೇ ಜಾಸ್ತಿ. ಮೊದಲು ಅವರು ಮೂರೇ ರಾತ್ರಿಗೆ ಒಪ್ಪಲಿಲ್ಲ. ನಾನು ಒಂದು ಮೇಲ್ ಬರೆದೆ, ಮರುದಿನ ಒಪ್ಪಿದರು. ಯಾವ ವಾರ ಬರೆದೆ, ಎರಡನೇ ಸಾಲಿನಲ್ಲಿ ಏನಿತ್ತು ಅನ್ನೋದು ನನ್ನ ಹತ್ತಿರವೇ ಇರಲಿ. ಸುಳ್ಳೇನೂ ಬರೆದಿಲ್ಲ.

ಮನೆ ಯಾವ ಕಡೆ ಅನ್ನೋದು ದರಕ್ಕಿಂತ ಮುಖ್ಯ. ಬೇಸಿಗೆಯಲ್ಲಿ ಅಟ್ಲಾಂಟಿಕ್ ಕಡೆಯಿಂದ ಸರ್ಗಾಸಮ್ ಪಾಚಿ ತೇಲಿ ಬಂದು ಗಾಳಿ ಬೀಸುವ ದಡದಲ್ಲಿ ಕೊಳೆಯುತ್ತೆ, ಕೊಳೆತ ಮೊಟ್ಟೆಯ ವಾಸನೆ. ಹಾಗಂತ ಗಾಳಿ ಮರೆಯ ದಡಕ್ಕೆ ಹೋದರೆ ಸಂಜೆ ಕಣ್ಣಿಗೆ ಕಾಣದ ಮರಳುನೊಣ ಕಣಕಾಲು ಕಚ್ಚಿ ಹಾಕುತ್ತೆ. ನಾವು ಗುಡ್ಡದ ಮೇಲಿನ ಮನೆ ಕೇಳಿದೆವು. ಗಾಳಿ ಬಂತು, ನೊಣ ಬರಲಿಲ್ಲ, ವಾಸನೆ ಅಲ್ಲಿವರೆಗೆ ಹತ್ತಲಿಲ್ಲ. ದಡಕ್ಕೆ ಇಳಿಯೋಕೆ ಏಳೆಂಟು ನಿಮಿಷ ನಡಿಗೆ, ಅಷ್ಟೇ. ದಡದ ಮರದ ಬುಡಕ್ಕೆ ಕೆಂಪು ಪಟ್ಟಿ ಬಳಿದಿದ್ದರೆ ಅದು ಮ್ಯಾಂಚಿನೀಲ್, ವಿಷದ ಮರ. ಮಳೆ ಬಂತು ಅಂತ ಅದರ ಕೆಳಗೆ ನಿಂತರೆ ಮೈಮೇಲೆ ಗುಳ್ಳೆ ಏಳುತ್ತೆ.

ರೂಮಿನಲ್ಲಿ ಟೀವಿ ಇಲ್ಲ, ಫೋನಿಲ್ಲ. ಪ್ರತಿ ಮನೆಯ ದಾರಿಯಲ್ಲಿ ಒಂದು ಬಿದಿರು ಕಂಬ, ಅದಕ್ಕೊಂದು ಪೋಸ್ಟ್ ಡಬ್ಬಿ. ಏನು ಬೇಕೋ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ ಹಳದಿ ಬಾವುಟ ಏರಿಸಬೇಕು. ಸುತ್ತು ಹೊಡೆಯುವ ಸಣ್ಣ ಗಾಡಿಯವರು ಚೀಟಿ ತಗೊಂಡು ಹೋಗುತ್ತಾರೆ. ಯಾರೂ ಬರಬೇಡಿ ಅನ್ನೋಕೆ ಕೆಂಪು ಬಾವುಟ. ನಾನು ಗಡಿಯಾರ ಹಿಡಿದು ಲೆಕ್ಕ ಬರೆದೆ. ಬಾವುಟ ಏರಿಸಿದ ಮೇಲೆ ಗಾಡಿ ಬಂದದ್ದು 9 ನಿಮಿಷ, 14 ನಿಮಿಷ, ಒಮ್ಮೆ 22. ಮಳೆಯಲ್ಲಿ ಅರ್ಧ ಗಂಟೆ. "ಸಾವಿರ ಡಾಲರ್ ಕೊಟ್ಟು ಬಂದು ಸ್ಟಾಪ್‌ವಾಚ್ ಹಿಡ್ಕೊಂಡು ಕೂತಿದ್ದೀರಲ್ಲ" ಅಂತ ಹೆಂಡತಿ ಬೈದು, ನಾನು ಚಹಾಕ್ಕೆ ಹಳದಿ ಏರಿಸಿದ್ದನ್ನು ಇಳಿಸಿ ಕೆಂಪು ಏರಿಸಿದಳು. ಮುಕ್ಕಾಲು ಗಂಟೆ ಕಾದಮೇಲೆ ನನಗೆ ಗೊತ್ತಾಯಿತು.

ಆ ಚಹಾದ್ದೂ ಒಂದು ಪ್ರಯೋಗ. ಮೊದಲ ದಿನ ಶುಂಠಿ ಚಹಾ ಅಂತ ಬರೆದೆ. ಬಿಸಿ ಹಾಲಿನಲ್ಲಿ ಟೀ ಬ್ಯಾಗ್, ತಟ್ಟೆಯಲ್ಲಿ ಶುಂಠಿಯ ತೆಳು ಬಿಲ್ಲೆ. ಎರಡನೇ ದಿನ ಚೀಟಿಯ ಎರಡೂ ಮಗ್ಗುಲಿಗೆ ಮಾಡೋ ಕ್ರಮ ಬರೆದೆ: ಜಜ್ಜಿ, ನೀರಲ್ಲಿ ಕುದಿಸಿ, ಪುಡಿ, ಆಮೇಲೆ ಹಾಲು, ಉಕ್ಕಬೇಕು. ಬಂದದ್ದು ಚೆನ್ನಾಗಿತ್ತು. ಮೂರನೇ ದಿನ ನಾನು ಮಾಡೋದಕ್ಕಿಂತ ಚೆನ್ನಾಗಿತ್ತು.

ಇನ್ನು ಕಡಲೆಹಿಟ್ಟು. ಸೇಂಟ್ ವಿನ್ಸೆಂಟಿನಲ್ಲಿ ಎಲ್ಲಿ ನೋಡಿದರೂ ಜೀಗುಜ್ಜೆ (ಬ್ರೆಡ್‌ಫ್ರೂಟ್) ಮರ. ಕೆಂಡದಲ್ಲಿ ಸುಟ್ಟ ಜೀಗುಜ್ಜೆ, ಕರಿದ ಮೀನು ಆ ದೇಶದ ರಾಷ್ಟ್ರೀಯ ಊಟ. ಕಿಂಗ್ಸ್‌ಟೌನಿನ ಬೊಟಾನಿಕ್ ಗಾರ್ಡನ್ನಿನಲ್ಲಿ ಒಂದು ಮರ ತೋರಿಸಿ, 1793ರಲ್ಲಿ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ ತಂದ ಗಿಡದ ಸಂತತಿ ಅನ್ನುತ್ತಾರೆ. ಅವನಿಗೂ ಮೊದಲ ಸಲ ಆಗಿರಲಿಲ್ಲ. 1789ರಲ್ಲಿ ಹಡಗಿನವರೇ ತಿರುಗಿಬಿದ್ದು ಅವನನ್ನು ದೋಣಿಗೆ ಇಳಿಸಿ, ಗಿಡಗಳನ್ನೆಲ್ಲ ಸಮುದ್ರಕ್ಕೆ ಎಸೆದರು. ಅವನಿಗೆ ಎರಡನೇ ಸಲಕ್ಕೆ ಆಯಿತು, ನನಗೆ ಮೂರನೇ ಸಲಕ್ಕೆ.

ಪಾಸ್ತಾದ ಪಾಠ ಕಲಿತಿದ್ದೆನಲ್ಲ, ಅದಕ್ಕೇ ಹಿಟ್ಟು, ಖಾರದ ಪುಡಿ, ಇಂಗು ಹಿಡಿದು ಅಡುಗೆಮನೆಯ ಬಾಗಿಲಿಗೇ ಹೋದೆ. ಅಡುಗೆಯವನು ಪಕ್ಕದ ಪೆಟಿ ಮಾರ್ಟಿನೀಕ್ ದ್ವೀಪದವನು. ಅದು ಗ್ರೆನಡಾಕ್ಕೆ ಸೇರಿದ ಊರು. ಕೆಲಸದವರಲ್ಲಿ ಬಹಳ ಜನ ದಿನಾ ಬೆಳಿಗ್ಗೆ ದೋಣಿಯಲ್ಲಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಬಂದು, ಸಂಜೆ ವಾಪಸ್ ಹೋಗುತ್ತಾರೆ. ಮೊದಲ ಜೀಗುಜ್ಜೆ ಜಾಸ್ತಿ ಬೆಳೆದು ಮೆತ್ತಗಾಗಿತ್ತು, ಎಣ್ಣೆಯಲ್ಲಿ ಬಿಟ್ಟ ಕೂಡಲೇ ಹಿಟ್ಟು ಬಿಟ್ಟುಕೊಂಡಿತು. ಎರಡನೆಯದು ಗಟ್ಟಿಯಿತ್ತು, ಕತ್ತರಿಸಿದರೆ ಬಿಳಿ ಹಾಲು ಒಸರಿತು. ತೆಳ್ಳಗೆ ಹೋಳು ಮಾಡಿ, ಉಪ್ಪು ಖಾರ ಸವರಿ ಹತ್ತು ನಿಮಿಷ ಬಿಟ್ಟು, ಹಿಟ್ಟಿನಲ್ಲಿ ಅದ್ದಿ ಬಿಟ್ಟೆವು. ಅಪ್ಪಟ ಉಡುಪಿ ಪೋಡಿ. ಅವನು ನಾಲ್ಕು ತಿಂದ, ಬಾಣಲೆ ಪಕ್ಕ ನಿಂತಿದ್ದ ಹುಡುಗರು ಉಳಿದದ್ದು ಖಾಲಿ ಮಾಡಿದರು. ರಾತ್ರಿ ನಮ್ಮ ಮೇಜಿಗೆ ಪೋಡಿ, ಪಕ್ಕದಲ್ಲಿ ಮಾವಿನ ಚಟ್ನಿ. ಪಕ್ಕದ ಮೇಜಿನ ಬ್ರಿಟಿಷ್ ದಂಪತಿ ಮೆನುವಿನಲ್ಲಿ ಅದನ್ನೇ ಹುಡುಕುತ್ತಿದ್ದರು.

ಕೊನೆ ದಿನ ಮೋಪಿಯನ್‌ಗೆ ಬಿಟ್ಟುಬಂದರು. ದ್ವೀಪ ಅಂದರೆ ಒಂದು ಮುಷ್ಟಿ ಮರಳು, ಮಧ್ಯೆ ಒಂದು ಹುಲ್ಲಿನ ಕೊಡೆ. ಫೋಟೋಕ್ಕೆ ಸೊಗಸು. ಇಪ್ಪತ್ತು ನಿಮಿಷ ಸಾಕು, ಆಮೇಲೆ ಕಾಲು ಸುಡುತ್ತೆ.

ಲೆಕ್ಕ ನೆನಪಿದ್ದಷ್ಟು: ಪಿಎಸ್‌ವಿ 4,150, ವಿಮಾನ 1,240, ಉಳಿದ ನಾಲ್ಕು ರಾತ್ರಿ (ವಾಪಸ್ ಬರುವಾಗಿನ ಒಂದು ಸೇರಿ) 340, ಫೆರಿ ಹೋಗಿ ಬರೋಕೆ 120, ಹೊರಗಿನ ಊಟ, ಟ್ಯಾಕ್ಸಿ, ಟೊಬೇಗೊ ಕೇಸ್ ಸೇರಿ 350, ಟಿಪ್ಸ್ 150, ಇನ್ಶೂರೆನ್ಸ್ 140.

ಆ 140ರ ಬಗ್ಗೆ ಒಂದು ಮಾತು. ಜೂನ್ ಒಂದರಿಂದ ಚಂಡಮಾರುತದ ಸೀಸನ್. ದರ ಇಳಿಯೋದೇ ಅದಕ್ಕೆ. ಗ್ರೆನಡೀನ್ಸ್, ಅಂದರೆ ಈ ದ್ವೀಪಗಳ ಸಾಲು, ತೀರಾ ದಕ್ಷಿಣಕ್ಕಿದೆ, ಅಲ್ಲಿಗೆ ಬರೋದು ಅಪರೂಪ, ಬಂದರೂ ಆಗಸ್ಟ್ ಮೇಲೆ ಅಂತ ನಾನೂ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಮರುವರ್ಷ, 2024ರ ಜುಲೈ 1ಕ್ಕೆ ಬೆರಿಲ್ ಚಂಡಮಾರುತ ಬಂತು. ಪಕ್ಕದ ಕ್ಯಾರಿಯಾಕೂ ದ್ವೀಪದ ಮೇಲೆ ಕೆಟಗರಿ 4ರಲ್ಲಿ (ಐದೇ ಅತಿ ಜೋರು) ಅಪ್ಪಳಿಸಿತು. ಯೂನಿಯನ್ ಐಲ್ಯಾಂಡಿನಲ್ಲಿ ನೂರಕ್ಕೆ ತೊಂಬತ್ತು ಮನೆಗಳಿಗೆ ಏಟು ಬಿತ್ತು. ನಾವು ಇದ್ದ ಮಹಡಿಯ ಚಾವಣಿ ಹಾರಿಹೋಯಿತು. ನಾವು ಹೋಗಿಬಂದದ್ದು ನನ್ನ ಲೆಕ್ಕದ ಜಾಣತನದಿಂದಲ್ಲ, ಅದೃಷ್ಟದಿಂದ ಅಂತ ಆವತ್ತು ಗೊತ್ತಾಯಿತು. ಹಾಗಾಗಿ ಇನ್ಶೂರೆನ್ಸನ್ನು ರೂಮು ಬುಕ್ ಮಾಡಿದ ದಿನವೇ ಕೊಳ್ಳಿ. ಗಾಳಿಗೆ ಹೆಸರು ಬಿದ್ದ ಮೇಲೆ ಕೊಂಡರೆ ಆ ಗಾಳಿಗೆ ಅದು ಅನ್ವಯಿಸಲ್ಲ.

ಯೂನಿಯನ್ ಐಲ್ಯಾಂಡಿನ ಆ ಮಹಡಿ ಮನೆಯ ಯಜಮಾನಿಗೆ ನಾವು ನಾಲ್ಕೈದು ಮನೆಯವರು ಸೇರಿ ಸ್ವಲ್ಪ ದುಡ್ಡು ಕಳಿಸಿದೆವು. ಪಂಕ್ತಿಯಲ್ಲಿ ನಕ್ಕಿದ್ದವರೂ ಕೊಟ್ಟರು. ಕೊಡುವಾಗಲೇ, ಆ ಎರಡನೇ ಸಾಲಿನಲ್ಲಿ ಏನು ಬರೆದಿದ್ದೆ ಅಂತ ಕೇಳಿದರು. ಹೇಳಲಿಲ್ಲ.